ಟ್ರೇಲರ್ ಪ್ರವಾಸ: ಕೊಳಚೆ ಟ್ಯಾಂಕು, ಗ್ಯಾಸ್ ಲೈನು ಮತ್ತು ನಡುರಾತ್ರಿಯ ವಾಸನೆ

ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆಯಾದ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ಎರಡು ಮೂರು ವಾರದ ಪ್ರವಾಸಕ್ಕೆ ಹೊರಟವರನ್ನು ಟೈರು, ಬ್ರೇಕುಗಳಿಗಿಂತ ಹೆಚ್ಚು ಕಾಡುವುದು ವಾಸನೆ. ಎಲ್ಲರೂ ಮಲಗಿದ ಮೇಲೆ ಒಳಗೆ ಏನೋ ಕೊಳೆತ ಹಾಗೆ ನಾರುತ್ತದೆ. ಕಮೋಡಿನ ಕೆಳಗಿನ ಟ್ಯಾಂಕಿನದೋ, ಸೋರಿದ ಗ್ಯಾಸಿನದೋ ಮೂಗಿಗೆ ಹೊಳೆಯುವುದಿಲ್ಲ. ಇದರಲ್ಲಿ ಮೂಗಿನ ತಪ್ಪೇನೂ ಇಲ್ಲ. ಒಲೆ, ಹೀಟರಿಗೆ ಉರಿಸುವ ಗ್ಯಾಸು ಪ್ರೊಪೇನ್. ಪ್ರೊಪೇನ್‌ಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಅದು ಗಂಧಕದ ಸಂಯುಕ್ತ. ಮಲದ ಟ್ಯಾಂಕಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೂಡ ಗಂಧಕದ್ದೇ. ಒಂದು ಕೊಳೆತ ಎಲೆಕೋಸಿನಂತೆ, ಇನ್ನೊಂದು ಕೊಳೆತ ಮೊಟ್ಟೆಯಂತೆ ಎನ್ನುತ್ತಾರಾದರೂ ನಿದ್ದೆಗಣ್ಣಿನಲ್ಲಿ ಎರಡೂ ಒಂದೇ. ಸಾಲದ್ದಕ್ಕೆ, ಲೆಡ್ ಆಸಿಡ್ ಬ್ಯಾಟರಿ ಅತಿಯಾಗಿ ಚಾರ್ಜ್ ಆದಾಗಲೂ ಅಂಥದೇ ವಾಸನೆ ಎದ್ದು, ಗ್ಯಾಸ್ ಅಲಾರಂ ಕೂಗಿಕೊಳ್ಳುವುದುಂಟು.

ಹಾಗಾಗಿ ಏನೇ ನಾರಿದರೂ ಮೊದಲು ಗ್ಯಾಸ್ ಎಂದೇ ಲೆಕ್ಕ. ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬಾಗಿಲು ತೆರೆದಿಟ್ಟು, ಸಿಲಿಂಡರಿನ ವಾಲ್ವ್ ಮುಚ್ಚಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಚೆಲ್ಲಿದ ನೀರಿನ ಹಾಗೆ ನೆಲ ಹಿಡಿದು ನಿಲ್ಲುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲೇ ತೆರೆಯಬೇಕು. ಗ್ಯಾಸ್ ಅಲಾರಂ ನೆಲದ ಪಕ್ಕದಲ್ಲೇ ಕೂರಿಸಿರುವುದೂ ಇದೇ ಕಾರಣಕ್ಕೆ. ಚೆನ್ನಾಗಿ ಗಾಳಿಯಾಡಿ ವಾಸನೆ ಪೂರ್ತಿ ಹೋದ ಮೇಲೆ, ಸಿಲಿಂಡರ್ ಮುಚ್ಚಿದ್ದರೂ ಮತ್ತೆ ನಾರತೊಡಗಿದರೆ ಆಗ ಟ್ಯಾಂಕಿನ ಕಡೆ ತಿರುಗಿ.

ಎರಡು ವ್ಯವಸ್ಥೆಗಳನ್ನೂ ಹಿಡಿದು ನಿಲ್ಲಿಸಿರುವುದು ಬಹುಮಟ್ಟಿಗೆ ಕೆಲವು ರಬ್ಬರ್ ತುಂಡುಗಳು. ತಿಂಗಳುಗಟ್ಟಲೆ ನಿಂತ ಟ್ರೇಲರಿನಲ್ಲಿ ಮೊದಲು ಒಣಗಿ ಬಿರಿಯುವುದೂ ಅವೇ. ಪರೀಕ್ಷೆಯನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಎರಡು ವಾರ ಮೊದಲೇ ಮಾಡಿದರೆ ಬೇಕಾದ ಸೀಲು, ಹೋಸು ತರಿಸಿಕೊಳ್ಳಲು ಬಿಡುವಿರುತ್ತದೆ.

ಕೊಳಚೆ ಟ್ಯಾಂಕು

ಕಮೋಡಿನದು ಬ್ಲ್ಯಾಕ್ ಟ್ಯಾಂಕ್, ಸಿಂಕ್ ಮತ್ತು ಶವರಿನದು ಗ್ರೇ ಟ್ಯಾಂಕ್. ಪ್ರತಿಯೊಂದಕ್ಕೂ ಎಳೆದು ತೆರೆಯುವ ಹಲಗೆ ವಾಲ್ವ್ ಇರುತ್ತದೆ. ಬ್ಲ್ಯಾಕ್‌ಗೆ ಸಾಮಾನ್ಯವಾಗಿ 3 ಇಂಚು, ಗ್ರೇಗೆ ಒಂದೂವರೆ ಇಂಚು. ವಾಲ್ವ್ ಮುಚ್ಚಿ ಎರಡೂ ಟ್ಯಾಂಕಿಗೆ 20 ಲೀಟರಿನಷ್ಟು ನೀರು ಬಿಡಿ. ಹೊರಗಿನ ಮುಚ್ಚಳ ತೆಗೆದು ಕೆಳಗೆ ಬಕೆಟ್ ಇಟ್ಟು ಒಂದು ಗಂಟೆ ಕಾಯಿರಿ. ಹನಿ ಬಿದ್ದರೆ ಹಲಗೆ ಕೂರುವ ತೋಡಿನಲ್ಲಿ ಕಾಗದದ ಚೂರು ಸಿಕ್ಕಿಕೊಂಡಿದೆ, ಇಲ್ಲವೇ ಸೀಲ್ ಸವೆದಿದೆ. ನೀರು ಹರಿಯುತ್ತಿರುವಾಗಲೇ ನಾಲ್ಕಾರು ಬಾರಿ ಎಳೆದು ತಳ್ಳಿ. ಆಮೇಲೂ ಹನಿ ನಿಲ್ಲದಿದ್ದರೆ ಸೀಲ್ ಬದಲಿಸುವುದೇ ದಾರಿ.

ಈ ಕೆಲಸಕ್ಕೆ ಮೆಕ್ಯಾನಿಕ್ ಬೇಕೆಂದೇನಿಲ್ಲ. ಟ್ಯಾಂಕನ್ನು ಖಾಲಿ ಮಾಡಿ ತೊಳೆದ ಮೇಲೆ ವಾಲ್ವಿನ ನಾಲ್ಕು ಬೋಲ್ಟು ಬಿಚ್ಚಿ, ಎರಡು ಕಡೆಯ ಪೈಪನ್ನು ಬೆರಳಷ್ಟು ಅಗಲಿಸಿದರೆ ವಾಲ್ವ್ ಹೊರಕ್ಕೆ ಜಾರುತ್ತದೆ. ಅದರ ಎರಡೂ ಮುಖಕ್ಕೆ ಒಂದೊಂದು ರಬ್ಬರ್ ಸೀಲು. ಹಳೆಯದು ಯಾವ ಮುಖವಾಗಿ ಕೂತಿತ್ತೆಂದು ಬಿಚ್ಚುವ ಮೊದಲೇ ಫೋಟೊ ತೆಗೆದುಕೊಳ್ಳಿ. ಹೊಸ ಸೀಲಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಕೆಲವು ರಬ್ಬರು ಅದರಿಂದ ಉಬ್ಬಿ ಮೆತ್ತಗಾಗುತ್ತವೆ. ವಾಲ್ವನ್ನು ಮತ್ತೆ ತೂರಿಸುವ ಹೊತ್ತಿಗೇ ಬಹಳ ಜನ ಎಡವುವುದು. ಸೀಲಿನ ಅಂಚು ಒಂದು ಕಡೆ ಮಡಚಿಕೊಂಡು ಒಳಗೆ ಸೇರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕೂರಿಸುತ್ತಿರುವಾಗ ಬೆರಳನ್ನು ಸುತ್ತಲೂ ಆಡಿಸಿ ನೋಡಿ. ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಬಲ ಹಾಕಿದರೆ ಪ್ಲಾಸ್ಟಿಕ್ ಕಿವಿ ಸೀಳುತ್ತದೆ. ಮುಗಿದ ಮೇಲೆ ಅದೇ 20 ಲೀಟರ್ ಪರೀಕ್ಷೆ ಇನ್ನೊಮ್ಮೆ.

ಪ್ರವಾಸದಲ್ಲಿ ಒಂದೇ ಒಂದು ನಿಯಮ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಶಿಬಿರದಲ್ಲಿ ಚರಂಡಿ ಸಂಪರ್ಕ ಸಿಕ್ಕಿದರೂ ಬ್ಲ್ಯಾಕ್ ವಾಲ್ವ್ ಮುಚ್ಚಿಯೇ ಇರಬೇಕು. ತೆರೆದಿಟ್ಟರೆ ನೀರೆಲ್ಲ ಆಗಾಗಲೇ ಹರಿದುಹೋಗುತ್ತದೆ, ಗಟ್ಟಿಯಾದದ್ದು ಕಮೋಡಿನ ನೇರಕ್ಕೆ ಗುಡ್ಡೆಯಾಗಿ ನಿಂತು ಒಣಗುತ್ತದೆ. ಒಂದು ವಾರದಲ್ಲಿ ಆ ಗುಡ್ಡೆ ಪೈಪಿನ ಬಾಯಿ ಮುಟ್ಟಬಹುದು. ಆಮೇಲೆ ದಿನಗಟ್ಟಲೆ ನೀರು ತುಂಬಿಸಿ ನೆನೆಸುವ ಪಾಡು. ಖಾಲಿ ಮಾಡಿದ ಪ್ರತಿಸಲ 8–10 ಲೀಟರ್ ಶುದ್ಧ ನೀರು ಬಿಟ್ಟು ತಳ ಮುಳುಗಿಸಿ. ಮೂರರಲ್ಲಿ ಎರಡು ಪಾಲು ತುಂಬುವ ತನಕ ಖಾಲಿ ಮಾಡಬೇಡಿ, ಏಕೆಂದರೆ ಕೊಳೆಯನ್ನು ತಳ್ಳಿಕೊಂಡು ಹೋಗುವುದು ನೀರಿನ ಭಾರವೇ. ಬಾಟಲಿಗಟ್ಟಲೆ ಮಾರುವ ಔಷಧಕ್ಕಿಂತ ಒಂದು ಬಕೆಟ್ ಹೆಚ್ಚುವರಿ ನೀರು ಮೇಲು. ಔಷಧ ಹಾಕಲೇಬೇಕೆಂದರೆ ಎಂಜೈಮ್ ಇಲ್ಲವೇ ಬ್ಯಾಕ್ಟೀರಿಯಾ ಇರುವುದನ್ನು ಆರಿಸಿ. ಫಾರ್ಮಾಲ್ಡಿಹೈಡ್ ಇರುವುದು ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆಯಿಸುವ ಜೀವಿಗಳನ್ನೇ ಕೊಲ್ಲುತ್ತದೆ, ಅದನ್ನು ಬಿಡದ, ಟ್ಯಾಂಕು ಖಾಲಿ ಮಾಡುವ ಡಂಪ್ ಸ್ಟೇಷನ್‌ಗಳಿವೆ. ಟಾಯ್ಲೆಟ್ ಪೇಪರನ್ನು ಕೊಳ್ಳುವ ಮೊದಲು ನೀರಿನ ಬಾಟಲಿಗೆ ನಾಲ್ಕು ಹಾಳೆ ಹಾಕಿ ಕುಲುಕಿ. ಪುಡಿಪುಡಿಯಾದರೆ ಸರಿ, ಹಾಳೆ ಹಾಳೆಯಾಗಿಯೇ ತೇಲಿದರೆ ಬೇಡ. ‘ಫ್ಲಶ್ ಮಾಡಬಹುದು’ ಎಂದು ಬರೆದ ಒದ್ದೆ ಒರೆಸುಬಟ್ಟೆಗಳಂತೂ ಬೇಡವೇ ಬೇಡ.

ಖಾಲಿ ಮಾಡುವಾಗ ಕೈಗವಸು ಹಾಕಿಕೊಂಡು, ಹೋಸಿನ ಎರಡೂ ತುದಿ ಲಾಕ್ ಆಗಿದೆಯೇ ಎಂದು ಎಳೆದು ನೋಡಿ. ತಿರುಗಿಸಿ ಕೂರಿಸುವ ಬಯೊನೆಟ್ ಜೋಡಣೆಯ ಕೊಕ್ಕೆ ಅರ್ಧಕ್ಕೇ ಕೂತಿದ್ದರೆ ವಾಲ್ವ್ ತೆರೆದ ಕೂಡಲೇ ಹೋಸು ಹಾರುತ್ತದೆ, ಉಳಿದದ್ದನ್ನು ಬರೆಯುವುದು ಬೇಡ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಇದಕ್ಕಾಗಿಯೇ ಗ್ರೇ ವಾಲ್ವನ್ನು ಹಿಂದಿನ ದಿನವೇ ಮುಚ್ಚಿ ನೀರು ಕೂಡಿಟ್ಟಿರಬೇಕು. ಹೋಸಿನ ತುದಿಗೆ ಪಾರದರ್ಶಕ ಬೆಂಡ್ ಒಂದನ್ನು ಹಾಕಿಕೊಂಡರೆ ತೊಳೆಯುವುದು ಯಾವಾಗ ನಿಲ್ಲಿಸಬೇಕೆಂದು ಕಣ್ಣಿಗೇ ಕಾಣುತ್ತದೆ. ಟ್ಯಾಂಕಿನೊಳಗೆ ಸಿಂಪಡಿಸಿ ತೊಳೆಯುವ ನಲ್ಲಿ ಟ್ರೇಲರಿನಲ್ಲಿದ್ದರೆ ಬ್ಲ್ಯಾಕ್ ವಾಲ್ವ್ ತೆರೆದುಕೊಂಡೇ ಬಳಸಿ. ಮುಚ್ಚಿ ನೆನೆಸಲೇಬೇಕಿದ್ದರೆ ಪಕ್ಕದಿಂದ ಏಳಬೇಡಿ. ಒಂದು ಫೋನ್ ಮಾತು ಮುಗಿಸಿ ಬರುವಷ್ಟರಲ್ಲಿ ಟ್ಯಾಂಕು ತುಂಬಿ ಕಮೋಡಿನಿಂದಲೋ ಛಾವಣಿಯ ಗಾಳಿಕೊಳವೆಯಿಂದಲೋ ಉಕ್ಕುತ್ತದೆ. ಆ ನಲ್ಲಿಗೆ ಹಾಕುವ ಪೈಪು ಬೇರೆ ಬಣ್ಣದ್ದಿರಲಿ. ಕುಡಿಯುವ ನೀರಿನ ಪೈಪಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ.

ಗೋಡೆಯ ಮೇಲಿನ ದೀಪ ‘ಮುಕ್ಕಾಲು ತುಂಬಿದೆ’ ಎಂದರೆ ನಂಬಬೇಕಿಲ್ಲ. ಟ್ಯಾಂಕಿನ ಪಕ್ಕೆಗೆ ಚುಚ್ಚಿದ ಲೋಹದ ಮೊಳೆಗಳಿಗೆ ಕಾಗದ, ಜಿಡ್ಡು ಅಂಟಿಕೊಂಡು, ನೀರಿಲ್ಲದಿದ್ದರೂ ವಿದ್ಯುತ್ ಹರಿಸುತ್ತವೆ. ತುಂಬಿದ ಟ್ಯಾಂಕುಗಳೊಡನೆ ದೂರ ಓಡಿಸುವುದೂ ಒಳ್ಳೆಯದಲ್ಲ. 150 ಲೀಟರ್ ಎಂದರೆ 150 ಕಿಲೋ. ಆ ಟ್ಯಾಂಕು ಅಚ್ಚಿನ ಹಿಂದಿದ್ದರೆ ಕಾರಿಗೆ ಕೊಂಡಿ ಹಾಕುವ ಹಿಚ್ಚಿನ ಮೇಲಿನ ಭಾರ ಇಳಿದು ಟ್ರೇಲರು ಬಾಲ ಆಡಿಸತೊಡಗುತ್ತದೆ.

ಟ್ಯಾಂಕು ಸರಿಯಿದ್ದೂ ಒಳಗೆ ನಾರಿದರೆ ಮೂರು ಜಾಗ ನೋಡಿ. ಕಮೋಡಿನ ತಳದಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತಿದ್ದರೆ ಅಲ್ಲಿನ ಸೀಲ್ ಒಣಗಿದೆ ಇಲ್ಲವೇ ಅದರ ಅಂಚಿನಲ್ಲಿ ಸುಣ್ಣ ಕಟ್ಟಿದೆ. ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ. ಸಿಂಕು, ಶವರಿನ ಕೆಳಗಿನ ಬಾಗುಪೈಪಿನ ನೀರು ಓಡಾಟದ ಕುಲುಕಾಟಕ್ಕೆ ಚೆಲ್ಲಿಹೋಗಿರುತ್ತದೆ, ನಿಂತ ಕೂಡಲೇ ಒಂದೊಂದು ಲೋಟ ನೀರು ಸುರಿಯಿರಿ. ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳದ್ದು: ಸಿಂಕಿನ ಕೆಳಗೆ ಪೈಪಿನ ತಲೆಗೆ ತಿರುಪಿರುವ ಕರಿ ಪ್ಲಾಸ್ಟಿಕ್ ಟೋಪಿ. ಅದು ಗಾಳಿಯನ್ನು ಒಳಗೆ ಮಾತ್ರ ಬಿಡುವ ವಾಲ್ವ್. ಅದರ ರಬ್ಬರ್ ಎಲೆ ತೆರೆದೇ ಸಿಕ್ಕಿಕೊಂಡರೆ ಗ್ರೇ ಟ್ಯಾಂಕಿನ ವಾಸನೆ ಸೀದಾ ಅಡುಗೆಮನೆಗೆ ಬರುತ್ತದೆ. ಬಿಚ್ಚಿ ಹೊಸದು ಹಾಕಲು ಐದು ನಿಮಿಷ. ಛಾವಣಿಯ ಫ್ಯಾನ್ ಓಡುತ್ತಿರುವಾಗ ಫ್ಲಶ್ ಒತ್ತಿದರೂ ಟ್ಯಾಂಕಿನ ಗಾಳಿ ಮೇಲೆಳೆದು ಬರುತ್ತದೆ; ಮೊದಲು ಫ್ಯಾನ್ ಆರಿಸಿ.

ಗ್ಯಾಸ್ ಲೈನು

ಸೋಪಿನ ನೀರಿನಿಂದ ಶುರು. ಪಾತ್ರೆ ತೊಳೆಯುವ ದ್ರವಕ್ಕೆ ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ; ಅಮೋನಿಯಾ, ಕ್ಲೋರಿನ್ ಇರುವ ಕ್ಲೀನರ್ ಬೇಡ, ಹಿತ್ತಾಳೆ ಬಿರಿಯುತ್ತದೆ. ಎಲ್ಲ ಬರ್ನರ್ ಮುಚ್ಚಿ, ಸಿಲಿಂಡರ್ ನಿಧಾನವಾಗಿ ತೆರೆದು, ಸಿಲಿಂಡರಿನ ಬಾಯಿಯಿಂದ ಹಿಡಿದು ಒಂದೊಂದೇ ಜೋಡಣೆ ತೋಯಿಸಿ. ದೊಡ್ಡ ಸೋರಿಕೆ ನೊರೆ ಉಕ್ಕಿಸುತ್ತದೆ. ಸಣ್ಣದು ಹಾಗಲ್ಲ: ನಟ್ಟಿನ ಹಿಂದಿನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ನಿಧಾನವಾಗಿ ಊದಿ, ಒಡೆದು, ಅಲ್ಲೇ ಮತ್ತೊಂದು ಏಳುತ್ತದೆ. ಒಂದು ನಿಮಿಷ ಟಾರ್ಚ್ ಹಿಡಿದು ನೋಡದಿದ್ದರೆ ತಪ್ಪಿಹೋಗುತ್ತದೆ.

ತಾಮ್ರದ ಪೈಪಿನ ಫ್ಲೇರ್ ಜೋಡಣೆ (ಪೈಪಿನ ಬಾಯಿ ಅಗಲಿಸಿ ನಟ್ಟಿನಿಂದ ಬಿಗಿದದ್ದು) ಸೋರಿದರೆ ಎರಡು ಸ್ಪ್ಯಾನರ್ ಹಿಡಿದು, ಒಂದರಿಂದ ಫಿಟ್ಟಿಂಗ್ ತಡೆದು ಇನ್ನೊಂದರಿಂದ ನಟ್ ಬಿಗಿಮಾಡಿ. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಪೈಪೇ ತಿರುಚಿಕೊಳ್ಳುತ್ತದೆ. ಫ್ಲೇರ್‌ಗೆ ಟೇಪು, ಪೇಸ್ಟು ಏನೂ ಬೇಡ. ಅಲ್ಲಿ ಲೋಹಕ್ಕೆ ಲೋಹ ಕೂತೇ ಗ್ಯಾಸ್ ನಿಲ್ಲಬೇಕು. ಟೇಪ್ ಸುತ್ತಿದರೆ ಕೂರುವುದೂ ಇಲ್ಲ, ಅದರ ಎಳೆ ಹರಿದು ಒಲೆಯ ಜೆಟ್ಟಿಗೆ ಸಿಕ್ಕುತ್ತದೆ. ತುದಿಗೆ ಸಪೂರವಾಗುತ್ತಾ ಹೋಗುವ ಪೈಪ್ ಥ್ರೆಡ್ಡಿಗೆ ಮಾತ್ರ ಗ್ಯಾಸಿನ ಹಳದಿ ಟೇಪು. ಪೈಪು ಚಾಸಿಸ್ ತೂರಿ ಹೋಗುವಲ್ಲೆಲ್ಲ ರಬ್ಬರ್ ಬಳೆ ಇದೆಯೇ ನೋಡಿ. ಅದು ಬಿದ್ದುಹೋಗಿದ್ದರೆ ಉಕ್ಕಿನ ಅಂಚು ತಾಮ್ರವನ್ನು ಗರಗಸದಂತೆ ಉಜ್ಜುತ್ತದೆ. ಸಿಲಿಂಡರಿನಿಂದ ರೆಗ್ಯುಲೇಟರಿಗೆ ಹೋಗುವ ರಬ್ಬರ್ ಹೋಸನ್ನು ಬಗ್ಗಿಸಿ ನೋಡಿದಾಗ ಮೇಲ್ಮೈಯಲ್ಲಿ ಬಿರುಕು ಕಂಡರೆ ಟೇಪ್ ಸುತ್ತಿ ಮುಂದೂಡಬೇಡಿ, ಬದಲಿಸಿ.

ಸೋಪು ಕಾಣದ್ದನ್ನು ಒತ್ತಡ ಅಳೆಯುವ ಮ್ಯಾನೋಮೀಟರ್ ಕಾಣುತ್ತದೆ. ಅಮೆರಿಕದ ಟ್ರೇಲರುಗಳಲ್ಲಿ ಒಳಗಿನ ಲೈನಿನ ಒತ್ತಡ 11 ಇಂಚು ಎತ್ತರದ ನೀರಿನ ಕಂಬದಷ್ಟು, ಅಂದರೆ ಸುಮಾರು 27 ಮಿಲಿಬಾರ್; ಯುರೋಪಿನ ಈಚಿನವುಗಳಲ್ಲಿ 30 ಮಿಲಿಬಾರ್. ಅಮೆರಿಕದ ಲೈನಿಗೆ ಪರೀಕ್ಷೆ ಹೀಗೆ: ಸಿಲಿಂಡರ್ ಮುಚ್ಚಿ, ಒಲೆಯ ಬರ್ನರ್ ಒಂದನ್ನು ತೆರೆದು ಒತ್ತಡವನ್ನು 8 ಇಂಚಿಗೆ ಇಳಿಸಿ, ಬರ್ನರ್ ಮುಚ್ಚಿ, 3 ನಿಮಿಷ ಮುಳ್ಳನ್ನು ನೋಡಿ. ಕದಲಬಾರದು. ಅಷ್ಟಕ್ಕೆ ಇಳಿಸುವುದೇಕೆಂದರೆ, ಪೂರ್ತಿ ಒತ್ತಡದಲ್ಲಿ ರೆಗ್ಯುಲೇಟರಿನ ಹಿಂದಿನ ಹೋಸಿನಲ್ಲಿ ಉಳಿದ ಗ್ಯಾಸ್ ಕೊರತೆಯನ್ನು ತುಂಬುತ್ತಾ ಸಣ್ಣ ಸೋರಿಕೆಯನ್ನು ಮರೆಮಾಡುತ್ತದೆ. ಮುಳ್ಳು ಇಳಿದು, ಜಾಗ ಸಿಗದಿದ್ದರೆ ಸಿಲಿಂಡರ್ ಮುಚ್ಚಿಟ್ಟು ಪರವಾನಗಿ ಇರುವವರನ್ನು ಕರೆಸಿ. ರೆಗ್ಯುಲೇಟರ್ ಬಿಚ್ಚಿ ರಿಪೇರಿ ಮಾಡುವ ಸಾಮಾನಲ್ಲ. ಅದರ ಉಸಿರುಗಂಡಿ ಕೆಳಮುಖವಾಗಿರಬೇಕು, ಕೆಸರಿನಿಂದ ಮುಚ್ಚಿರಬಾರದು.

ದಾರಿಯಲ್ಲಿ ‘ಗ್ಯಾಸ್ ಬರುತ್ತಿಲ್ಲ’ ಎಂಬ ದೂರಿಗೆ ಕಾರಣ ಬಹಳ ಸಲ ಅವಸರ. ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ ಹೋಸಿನ ತುದಿಯ ಅತಿಹರಿವು ತಡೆ, ಹೋಸು ಹರಿದಿದೆಯೆಂದು ತಿಳಿದು ಮುಚ್ಚಿಕೊಳ್ಳುತ್ತದೆ. ಒಲೆ ಮಿಣಮಿಣ ಎನ್ನುತ್ತದೆ. ಎಲ್ಲವನ್ನೂ ಆರಿಸಿ, ಸಿಲಿಂಡರ್ ಮುಚ್ಚಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ತೆರೆಯಿರಿ. ಒಲೆ ಉರಿದು ರೂಮ್ ಹೀಟರ್ ಮಾತ್ರ ಹೊತ್ತದಿದ್ದರೆ ಬ್ಯಾಟರಿ ನೋಡಿ. ವೋಲ್ಟೇಜ್ ಇಳಿದಾಗ ಅದರ ಫ್ಯಾನ್ ಸಾಕಷ್ಟು ವೇಗ ಹಿಡಿಯದೆ, ಗಾಳಿಯನ್ನು ಅಳೆಯುವ ಸ್ವಿಚ್ ಬರ್ನರಿಗೆ ಅಪ್ಪಣೆ ಕೊಡುವುದಿಲ್ಲ. ಜ್ವಾಲೆ ಹಳದಿಯಾಗಿದ್ದರೆ ಗಾಳಿ ಸಾಲದು. ಗೀಸರಿನ ಬರ್ನರ್ ಕೊಳವೆಯೊಳಗೆ ಜೇಡ ಬಲೆ ಕಟ್ಟಿರುವುದು ತೀರಾ ಸಾಮಾನ್ಯ. ತೆಳು ಬ್ರಷ್ ತೂರಿಸಿ ತೆಗೆಯಿರಿ. ಹಳದಿ ಜ್ವಾಲೆ ಎಂದರೆ ಕಾರ್ಬನ್ ಮೊನಾಕ್ಸೈಡ್, ಅದಕ್ಕೆ ವಾಸನೆಯೇ ಇಲ್ಲ. ಅದರ ಅಲಾರಂ ಬೇರೆಯಾಗಿಯೇ ಇರಬೇಕು, ಹಿಂಬದಿಯ ತಾರೀಖು ಮೀರಿರಬಾರದು.

ಎಷ್ಟು ಗ್ಯಾಸ್ ಬೇಕು? ಸಿಲಿಂಡರನ್ನು 80 ಶೇಕಡಾ ಮಾತ್ರ ತುಂಬಿಸುತ್ತಾರೆ, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕಲ್ಲ. ಗಂಟೆಗೆ 30,000 ಬಿಟಿಯು (ಶಾಖದ ಅಳತೆ) ಕೊಡುವ ಹೀಟರ್ ಎಡೆಬಿಡದೆ ಉರಿದರೆ ಗಂಟೆಗೆ 0.6 ಕಿಲೋಗಿಂತ ತುಸು ಹೆಚ್ಚು ತಿನ್ನುತ್ತದೆ. ಚಳಿಯ ರಾತ್ರಿ ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಉರಿದರೂ 3 ಕಿಲೋ. 9 ಕಿಲೋ ಸಿಲಿಂಡರ್ ಮೂರು ರಾತ್ರಿಗೆ ಮುಗಿಯಿತು. ಅಡುಗೆಯ ಖರ್ಚು ಇದರ ಮುಂದೆ ಲೆಕ್ಕಕ್ಕಿಲ್ಲ. ಹಿಮ ಬೀಳುವ ಕಡೆ ಹೊರಟರೆ ಬ್ಯೂಟೇನ್ ಬೇಡ, ಅದು ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೆ ತಡೆಯುತ್ತದೆ.

ಓಡಿಸುವಾಗ ಸಿಲಿಂಡರ್ ಮುಚ್ಚಿರಲಿ. ಪೆಟ್ರೋಲ್ ಬಂಕು, ದೋಣಿ, ಕೆಲವು ಸುರಂಗಗಳಲ್ಲಿ ಅದು ನಿಯಮವೇ. ಸಿಲಿಂಡರ್ ತುಂಬಿಸಲು ಒಯ್ದಾಗ ಬರಿದಾದ ಹೋಸಿನ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಡಿ, ಒಂದೇ ಮಧ್ಯಾಹ್ನದಲ್ಲಿ ಹುಳ ಒಳಹೊಕ್ಕಿರುತ್ತದೆ. ಮರಳಿ ಜೋಡಿಸಿದ ಪ್ರತಿಸಲ ಸೋಪಿನ ಬಾಟಲಿ ಇನ್ನೊಮ್ಮೆ.