ದುಬಾರಿ ಗಾಲ್ಫ್ ಕ್ಲಬ್ಬಿಗೆ ದುಡ್ಡು ಹಾಕೋದಾ ಬೇಡ್ವಾ

ಹೋದ ವಾರ ಫ್ರೆಂಡ್ ಒಬ್ಬ ಫೋನ್ ಮಾಡಿ "ಲೋ, ಹೊಸ ಡ್ರೈವರ್ ಬಂದಿದೆ ಕಣೋ, ತಗೊಂಡ್ಬಿಡ್ಲಾ? ಇಪ್ಪತ್ತು ಗಜ ಜಾಸ್ತಿ ಹೋಗತ್ತಂತೆ" ಅಂದ. ಡ್ರೈವರ್ ಅಂದ್ರೆ ಗಾಲ್ಫಲ್ಲಿ ಚೆಂಡನ್ನ ಎಲ್ಲಕ್ಕಿಂತ ದೂರ ಹೊಡೆಯೋ ಉದ್ದನೆ ಕೋಲು, ಗಾಲ್ಫ್ ಕೋಲಿಗೆಲ್ಲ ಕ್ಲಬ್ ಅಂತಾರೆ. ತಗೋ ಅನ್ನೋಕೂ ಮನಸ್ಸು ಬರ್ಲಿಲ್ಲ, ಬೇಡ ಅನ್ನೋಕೂ ಬಾಯಿ ಬರ್ಲಿಲ್ಲ, ಯಾಕಂದ್ರೆ ಇದೇ ಪ್ರಶ್ನೆ ತಲೇಲಿ ಇಟ್ಕೊಂಡು ನಾನೂ ಎರಡು ವರ್ಷ ಒದ್ದಾಡಿದೀನಿ, ದುಡ್ಡೂ ಸುರಿದಿದೀನಿ. ಫೋನಲ್ಲಿ ಎರಡು ಮಾತಲ್ಲಿ ಮುಗಿಯೋ ವಿಷ್ಯ ಅಲ್ಲ ಇದು, ಅದಕ್ಕೆ ಇಲ್ಲಿ ಬರೀತಿದೀನಿ.

ನಂದು ಸ್ಲೈಸಿನ ಕಾಯಿಲೆ. ಟೀ (ಚೆಂಡು ಇಡೋ ಪುಟ್ಟ ಗೂಟ) ಮೇಲಿಂದ ಚೆಂಡು ನೆಟ್ಟಗೆ ಹೊರಟು ಅರ್ಧ ದಾರಿಗೆ ಬಲಕ್ಕೆ ತಿರುಗಿ ಮರಗಳೊಳಗೆ ಹೋಗ್ಬಿಡೋದು. ಆಗ ಆ ವರ್ಷದ ಅತೀ ದುಬಾರಿ ಡ್ರೈವರ್ ತಗೊಂಡೆ. ಮೊದಲ್ನೇ ವಾರ ಚೆನ್ನಾಗೇ ಹೋಯ್ತು, ಹೊಸದರ ಖುಷೀಲಿ ನಿಧಾನಕ್ಕೆ ಗಮನ ಇಟ್ಟು ಹೊಡೀತಿದ್ದೆ ಅನ್ಸತ್ತೆ. ಮೂರನೇ ವಾರಕ್ಕೆ ಮತ್ತದೇ ಮರ, ಅದೇ ರಫ್, ಅಂದ್ರೆ ಉದ್ದ ಹುಲ್ಲು. ನಿಜ ಹೇಳ್ತೀನಿ, ಆವತ್ತು ತುಂಬ ಬೇಜಾರಾಗಿತ್ತು.

ಕೋಚ್ ಹತ್ರ ಹೋದೆ. ಅವ್ರು ಸ್ವಿಂಗ್, ಅಂದ್ರೆ ಕ್ಲಬ್ ಬೀಸೋ ರೀತಿ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಬ್ಯಾಗಿಂದ ಕಾಲಿಗೆ ಹೊಡ್ಕೊಳೋ ಪೌಡರ್ ಸ್ಪ್ರೇ ತೆಗೆದು ಡ್ರೈವರ್ ಮುಖಕ್ಕೆ, ಅಂದ್ರೆ ಚೆಂಡಿಗೆ ತಾಗೋ ಕಡೆಗೆ, ತೆಳ್ಳಗೆ ಹೊಡೆದು "ಹತ್ತು ಚೆಂಡು ಹೊಡೀರಿ" ಅಂದ್ರು. ಹೊಡೆದೆ. ಆಮೇಲೆ ಕ್ಲಬ್ ತಿರುಗ್ಸಿ ತೋರ್ಸಿದ್ರು. ಬಿಳಿ ಪುಡಿ ಮೇಲೆ ಒಂದೊಂದು ಹೊಡೆತದ ದುಂಡನೆ ಗುರುತು, ಹತ್ರ ಹಿಡಿದು ನೋಡಿದ್ರೆ ಚೆಂಡಿನ ಗುಳಿಗಳ ಅಚ್ಚೂ ಕಾಣ್ಸತ್ತೆ. ಹತ್ತು ಗುರುತಲ್ಲಿ ಎಂಟು ಶಾಫ್ಟ್ (ಕ್ಲಬ್ಬಿನ ಉದ್ದನೆ ಕಡ್ಡಿ) ಕಡೆ, ಅಂದ್ರೆ ಹೀಲ್‌ನಲ್ಲಿ ಗುಂಪು ಕಟ್ಕೊಂಡಿತ್ತು. ಮಧ್ಯದಲ್ಲಿ ಒಂದೂ ಇಲ್ಲ! ಅಷ್ಟು ದುಡ್ಡು ಕೊಟ್ಟು ತಂದ ಮುಖದ ಒಳ್ಳೇ ಜಾಗ ಹೊಸದರ ಹಾಗೇ ಇತ್ತು.

"ನಿಮ್ಗೆ ಈ ಕ್ಲಬ್ ಉದ್ದ ಆಯ್ತು, ಒಂದಿಂಚು ಕೆಳಗೆ ಹಿಡೀರಿ" ಅಂದ್ರು. ಅಷ್ಟೇ. ಒಂದಿಂಚು ಕೆಳಗೆ ಹಿಡಿದು ಇನ್ನೊಂದು ಹತ್ತು ಹೊಡೆದೆ, ಗುರುತುಗಳು ಮೆಲ್ಲಗೆ ಮಧ್ಯಕ್ಕೆ ಸರಿದ್ವು. ಹೀಲ್‌ಗೆ ಬಿದ್ದಾಗ ಡ್ರೈವರ್ ತಲೆ ಸ್ವಲ್ಪ ತಿರುಗತ್ತೆ, ಆ ತಿರುಗೋದು ಚೆಂಡಿಗೆ ಉಲ್ಟಾ ತಿರುವು ಕೊಡತ್ತೆ, ಬಲಗೈಯವರಿಗೆ ಅದು ಬಲಕ್ಕೇ ಎಳಿಯತ್ತೆ. ಗೇರ್ ಎಫೆಕ್ಟ್ ಅಂತಾರೆ ಇದಕ್ಕೆ. ಹೊಡೆತ ಅಳೆಯೋ ಯಂತ್ರ ಲಾಂಚ್ ಮಾನಿಟರ್‌ನಲ್ಲೂ ನೋಡಿದ್ವಿ, ಸ್ವಿಂಗ್ ವೇಗ ಗಂಟೆಗೆ 90 ಮೈಲಿ ಆಸುಪಾಸು ಹಾಗೇ ಇದ್ರೂ ಸ್ಮ್ಯಾಶ್ ಫ್ಯಾಕ್ಟರ್, ಅಂದ್ರೆ ಚೆಂಡಿನ ವೇಗಾನ ಕ್ಲಬ್ಬಿನ ವೇಗದಿಂದ ಭಾಗಿಸಿದ್ರೆ ಬರೋ ಲೆಕ್ಕ, 1.38 ಇದ್ದದ್ದು 1.45ಕ್ಕೆ ಬಂತು. ಡ್ರೈವರ್‌ನಲ್ಲಿ 1.5 ಅಂದ್ರೆ ಹೆಚ್ಚೂಕಮ್ಮಿ ಕೊನೇ ಮೆಟ್ಲು. ಆಮೇಲೆ ನನ್ನ ಹಳೇ ಡ್ರೈವರ್ ತಗೊಂಡು ಅದನ್ನೂ ಒಂದಿಂಚು ಕೆಳಗೆ ಹಿಡಿದು ಹೊಡೆದೆ, ಅದೂ ಹೊಸದಕ್ಕಿಂತ ನಾಲ್ಕೈದು ಗಜ ಹಿಂದೆ ಬಿತ್ತು ಅಷ್ಟೇ. ಆ ಒಂದಿಂಚು ಕೊಟ್ಟಿದ್ದನ್ನ ಹೊಸ ಡ್ರೈವರ್ ಕೊಟ್ಟಿರ್ಲಿಲ್ಲ.

ಟೂರ್ ಆಡೋ ವೃತ್ತಿಪರ ಆಟಗಾರರಲ್ಲೂ ಬಹಳ ಜನ ಅಂಗಡೀಲಿ ನೇತಾಕಿರೋದಕ್ಕಿಂತ ಗಿಡ್ಡ ಡ್ರೈವರೇ ಹಿಡೀತಾರೆ. ಅಷ್ಟು ಪಳಗಿದವರೇ ಗಿಡ್ಡ ಬೇಕು ಅಂದ್ರೆ ನಮ್ಗೆ 45.5, 46 ಇಂಚು ಯಾಕೆ ಬೇಕು ಹೇಳಿ.

ಇನ್ನು ಆ "ಇಪ್ಪತ್ತು ಗಜ"ದ ವಿಷ್ಯ. ಡ್ರೈವರ್ ಮುಖ ಸ್ಪ್ರಿಂಗ್ ತರ ಎಷ್ಟು ಚಿಮ್ಮಬಹುದು ಅನ್ನೋದಕ್ಕೆ ಕಾನೂನಿದೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1998ರಲ್ಲೇ ಮಿತಿ ಹಾಕ್ತು, 2008ರಿಂದ ಎಲ್ಲ ಕಡೆ ಎಲ್ರಿಗೂ ಒಂದೇ ಮಿತಿ. ಸಂಖ್ಯೇಲಿ ಹೇಳೋದಾದ್ರೆ 0.83, ಅಂದ್ರೆ ಚೆಂಡೂ ಮುಖಾನೂ ಎಷ್ಟು ವೇಗದಲ್ಲಿ ಡಿಕ್ಕಿ ಹೊಡೀತಾವೋ ಅದರ 100ಕ್ಕೆ 83 ಪಾಲಿಗಿಂತ ಜಾಸ್ತಿ ವೇಗದಲ್ಲಿ ದೂರ ಸರಿಯೋ ಹಾಗಿಲ್ಲ. ತಲೆ ಗಾತ್ರಕ್ಕೂ 460 ಸಿಸಿ ಅಂತ ಮಿತಿ ಇದೆ. ದೊಡ್ಡ ಕಂಪನಿಗಳೆಲ್ಲ ಯಾವತ್ತೋ ಈ ಗೋಡೆಗೆ ಹೋಗಿ ಮುಟ್ಟಿದಾವೆ. ಮಧ್ಯಕ್ಕೆ ಸರಿಯಾಗಿ ಬಿದ್ದ ಹೊಡೆತದಲ್ಲಿ ಈ ವರ್ಷದ್ದು ಹೋದ ವರ್ಷದ್ದಕ್ಕಿಂತ ಚೆಂಡನ್ನ ಜಾಸ್ತಿ ಚಿಮ್ಮಿಸೋಕೆ ಜಾಗವೇ ಉಳಿದಿಲ್ಲ.

ಹಾಗಾದ್ರೆ ಹೊಸದರಲ್ಲಿ ಏನೂ ಇಲ್ವಾ ಅಂದ್ರೆ, ಇದೆ, ಅದನ್ನ ಇಲ್ಲ ಅನ್ನೋದು ತಪ್ಪಾಗತ್ತೆ. ತೂಕಾನ ಅಂಚಿಗೆ ತಳ್ಳಿ ತಳ್ಳಿ ಈಗಿನ ಡ್ರೈವರ್ ತಲೆ ಅಷ್ಟು ಸುಲಭಕ್ಕೆ ತಿರುಗಲ್ಲ, ಪಕ್ಕಕ್ಕೆ ಬಿದ್ದ ಹೊಡೆತಾನೂ ಅಷ್ಟಿಷ್ಟು ಕಾಪಾಡತ್ತೆ. ಫರ್ಗಿವ್‌ನೆಸ್ ಅಂತಾರಲ್ಲ, ಅದು. ಇಪ್ಪತ್ತು ವರ್ಷ ಹಳೇದು ಹಿಡಿದಿದ್ರೆ ಹೊಸದಕ್ಕೆ ಬನ್ನಿ, ವ್ಯತ್ಯಾಸ ಕಣ್ಣಿಗೆ ಕಾಣ್ಸತ್ತೆ. ಮೂರು ವರ್ಷ ಹಳೇದಿದ್ರೆ ಬೇಡ. ನಾನಾದ್ರೆ ಯಾರೋ ಎರಡು ವರ್ಷ ಹೊಡೆದು ಬಿಟ್ಟ ಡ್ರೈವರನ್ನೇ ತಗೋತೀನಿ, ಅರ್ಧ ದುಡ್ಡಲ್ಲಿ ಅದೇ ಕೆಲ್ಸ ಆಗತ್ತೆ, ನಕಲಿ ಮಾಲು ಬೇಜಾನ್ ಇದೆ ಹುಷಾರಾಗಿ ನೋಡಿ ತಗೋಬೇಕು ಅಷ್ಟೇ.

ಐರನ್ (ಹುಲ್ಲಿನ ಮೇಲಿಂದ ಹೊಡೆಯೋ ಲೋಹದ ಕ್ಲಬ್, ನಂಬರ್ ಜಾಸ್ತಿ ಆದಷ್ಟೂ ದೂರ ಕಮ್ಮಿ) ವಿಷ್ಯದಲ್ಲಿ ನಂಗೆ ಇನ್ನೊಂದು ಸಂಕಟ ಇದೆ. "ಈ ಸೆಟ್ ತಗೊಂಡ್ಮೇಲೆ ನನ್ನ 7 ಐರನ್ ಹದಿನೈದು ಗಜ ಜಾಸ್ತಿ ಹೋಗ್ತಿದೆ" ಅಂತ ಎಷ್ಟು ಜನ ಹೇಳ್ತಾರೆ. ಹೋಗ್ಲೇಬೇಕಲ್ಲ! ಒಂದು ಕಾಲದಲ್ಲಿ 7 ಐರನ್ ಲಾಫ್ಟು, ಅಂದ್ರೆ ಮುಖ ಹಿಂದಕ್ಕೆ ವಾಲಿರೋ ಕೋನ, 35, 36 ಡಿಗ್ರಿ ಇರ್ತಿತ್ತು, ಈಗ ದೂರ ಹೋಗ್ಲಿ ಅಂತಾನೇ ಮಾಡಿರೋ ಸೆಟ್‌ಗಳಲ್ಲಿ 28ರಿಂದ 30. ಹಳೇ 5 ಐರನ್‌ಗೆ 7 ಅಂತ ನಂಬರ್ ಕೆತ್ತಿದ ಹಾಗೆ. ತೂಕ ಕೆಳಗಿಟ್ಟಿರೋದ್ರಿಂದ ಚೆಂಡು ಎತ್ತರಕ್ಕೂ ಹೋಗತ್ತೆ, ಅದು ಒಳ್ಳೇದೇ, ಆದ್ರೆ ಇದರ ಬೆಲೆ ಸೆಟ್ಟಿನ ಆ ತುದೀಲಿ ಕೊಡ್ಬೇಕಾಗತ್ತೆ. ಹತ್ರದ ಹೊಡೆತಕ್ಕಿರೋ ಪಿಚಿಂಗ್ ವೆಡ್ಜೂ 43 ಡಿಗ್ರಿಗೆ ಬಂದ್ಬಿಟ್ಟಿರತ್ತೆ, ಸ್ಯಾಂಡ್ ವೆಡ್ಜ್ 56ರಲ್ಲೇ ಇರತ್ತೆ, ನಡುವೆ 13 ಡಿಗ್ರಿ ಖಾಲಿ. ಆ ಖಾಲಿ ತುಂಬ್ಸೋಕೆ ಇನ್ನೊಂದು ವೆಡ್ಜ್, ಕೆಲವ್ರು ಎರಡು. ನಿಯಮದ ಪ್ರಕಾರ ಬ್ಯಾಗಲ್ಲಿ ಇಟ್ಕೊಳ್ಳೋಕೆ ಇರೋದೇ 14 ಕ್ಲಬ್. ಅದಕ್ಕೇ ಸೆಟ್ ತಗೊಳ್ಳೋಕೆ ಮುಂಚೆ ನಂಬರ್ ನೋಡ್ಬೇಡಿ, ಲಾಫ್ಟ್ ಪಟ್ಟಿ ಕೇಳಿ ನೋಡಿ, ಬಿದ್ದ ಮೇಲೆ ಚೆಂಡು ಗ್ರೀನ್‌ನಲ್ಲಿ (ಕುಳಿ ಇರೋ ನುಣ್ಣನೆ ಹುಲ್ಲಿನ ಜಾಗ) ನಿಲ್ಲತ್ತಾ ಅಂತಾನೂ ನೋಡಿ.

ಈ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಸೆವೆ ಬಾಲೆಸ್ಟೆರೋಸ್ ಹೆಸರು ತೆಗೀತಾರೆ. ಸ್ಪೇನಿನ ಪೆದ್ರೆನ್ಯಾ ಅನ್ನೋ ಊರಿನ ಸಮುದ್ರದ ದಂಡೇಲಿ ಒಂದೇ ಒಂದು ಹಳೇ 3 ಐರನ್ ಹಿಡಿದು ಗಾಲ್ಫ್ ಕಲಿತವ್ರು, ಮುಂದೆ ಐದು ಮೇಜರ್, ಅಂದ್ರೆ ಗಾಲ್ಫಿನ ಅತಿ ದೊಡ್ಡ ಟೂರ್ನಿ, ಗೆದ್ರು, ಮೂರು ಬ್ರಿಟಿಷ್ ಓಪನ್ನು ಎರಡು ಮಾಸ್ಟರ್ಸು. ನೋಡಿ, ಸಾಮಾನಲ್ಲಿ ಏನಿದೆ, ಎಲ್ಲ ಕೈಯಲ್ಲಿರೋದು ಅಂತಾರೆ. ನಂಗೂ ಆ ಮನುಷ್ಯನ ಮೇಲೆ ಅಪಾರ ಗೌರವ, ಆದ್ರೆ ನನಗೆ ಆ ಕಥೆ ಬೇರೇನೇ ಹೇಳತ್ತೆ. ಒಬ್ಬ ಹುಡುಗ, ದಿನಕ್ಕೆ ಗಂಟೆಗಟ್ಲೆ, ವರ್ಷಗಟ್ಲೆ, ಆ ಒಂದು ಕ್ಲಬ್ಬಿಗೆ ತಕ್ಕ ಹಾಗೆ ತನ್ನ ಮೈಯನ್ನೇ ಬಗ್ಗಿಸ್ಕೊಂಡ. ನಮ್ಗೆ ಆ ಬಾಲ್ಯ ಇಲ್ಲ, ವಾರಕ್ಕೆ ಒಂದು ದಿನ ಸಿಕ್ರೆ ಹೆಚ್ಚು. ನಾವು ಕ್ಲಬ್ಬಿಗೆ ಬಗ್ಗೋಕಾಗಲ್ಲ, ಕ್ಲಬ್ಬೇ ನಮ್ಗೆ ಬಗ್ಗಬೇಕು.

ಬಗ್ಗಬೇಕು ಅಂದಿದ್ದು ಮಾತಿಗಲ್ಲ, ಐರನ್‌ಗಳನ್ನ ನಿಜವಾಗ್ಲೂ ಒಂದು ಚೌಕಟ್ಟಿಗೆ ಸಿಗಿಸಿ ಕುತ್ತಿಗೆ ಹತ್ರ ಬಗ್ಗಿಸ್ತಾರೆ. ಲೈ ಆಂಗಲ್, ಅಂದ್ರೆ ಶಾಫ್ಟ್ ನೆಲಕ್ಕೆ ವಾಲಿರೋ ಕೋನ, ಸರಿ ಮಾಡೋದು ಅಂದ್ರೆ ಇದೇ. ಉದ್ದ ಇರೋರಿಗೂ ಗಿಡ್ಡ ಇರೋರಿಗೂ ಒಂದೇ ಕ್ಲಬ್ ಕೊಟ್ರೆ ಒಬ್ರಿಗೆ ಹೊಡೆಯೋ ಹೊತ್ತಿಗೆ ತುದಿ ಮೇಲಕ್ಕೆದ್ದಿರತ್ತೆ, ಇನ್ನೊಬ್ರಿಗೆ ಹೀಲ್ ಎದ್ದಿರತ್ತೆ. ಬಲಗೈಯವರಿಗೆ ತುದಿ ಎದ್ರೆ ಚೆಂಡು ಎಡಕ್ಕೆ, ಹೀಲ್ ಎದ್ರೆ ಬಲಕ್ಕೆ. 7 ಐರನ್‌ನಲ್ಲಿ ಮೂರು ಡಿಗ್ರಿ ತಪ್ಪಿದ್ರೆ 150 ಗಜದ ಹೊಡೆತ ಸುಮಾರು ಐದು ಗಜ ಪಕ್ಕಕ್ಕೆ ಹೋಗತ್ತೆ. ಐದು ಗಜ ಅಂದ್ರೆ ಗ್ರೀನ್ ಬಿಟ್ಟು ಬಂಕರ್, ಮರಳಿನ ಗುಂಡಿ. ನಾವೇನ್ ಮಾಡ್ತೀವಿ, ಸ್ವಿಂಗೇ ಸರಿಯಿಲ್ಲ ಅಂದ್ಕೊಂಡು ಚೆನ್ನಾಗಿದ್ದ ಸ್ವಿಂಗನ್ನ ಕೆಡಿಸ್ಕೋತೀವಿ. ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತ ಗಾದೆ ಇದೆ ನಿಜ, ಒಂದೊಂದ್ಸಲ ನೆಲಾನೂ ಡೊಂಕಿರತ್ತೆ.

ಮನೇಲೇ ನೋಡ್ಕೋಬಹುದು. ಚೆಂಡಿನ ಮೇಲೆ ದಪ್ಪ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೀರಿ, ಆ ಗೆರೆ ಕ್ಲಬ್ ಮುಖದ ಕಡೆಗೆ ನೆಟ್ಟಗೆ ನಿಲ್ಲೋ ಹಾಗೆ ಚೆಂಡು ಇಟ್ಟು ಹೊಡೀರಿ. ಶಾಯಿ ಮುಖಕ್ಕೆ ಹತ್ಕೊಳತ್ತೆ. ಆ ಗೆರೆ ಮುಖದ ಮೇಲೂ ನೆಟ್ಟಗಿದ್ರೆ ಲೈ ಸರಿ ಇದೆ, ವಾಲಿದ್ರೆ ಇಲ್ಲ. ನಂದು ವಾಲಿತ್ತು. ಬಗ್ಗಿಸೋಕೆ ತಗೊಂಡಿದ್ದು ಅರ್ಧ ಗಂಟೆ, ಖರ್ಚು ಹೊಸ ಸೆಟ್ಟಿನ ಮುಂದೆ ಲೆಕ್ಕಕ್ಕೇ ಇಲ್ಲ. ಅದೇ ಹಳೇ ಐರನ್‌ಗಳನ್ನೇ ಈಗ್ಲೂ ಆಡ್ತಿದೀನಿ.

ಸ್ವಿಂಗ್ ಇನ್ನೂ ಕೂತಿಲ್ಲ, ಈಗ್ಲೇ ಫಿಟ್ಟಿಂಗ್ (ಕ್ಲಬ್ಬನ್ನ ನಮ್ಗೆ ತಕ್ಕ ಹಾಗೆ ಹೊಂದ್ಸೋದು) ಯಾಕೆ ಅಂತ ಹೊಸಬ್ರು ಕೇಳ್ತಾರೆ. ನನ್ನ ಅಭಿಪ್ರಾಯ ಏನಂದ್ರೆ, ಉದ್ದ, ಗ್ರಿಪ್ಪಿನ ದಪ್ಪ, ಸುಮಾರಿನ ಲೈ, ಇವೆಲ್ಲ ಹೆಚ್ಚಾಗಿ ಮೈಯಿಂದ ಬರೋ ಅಳತೆ, ಸ್ವಿಂಗ್ ಕೂರೋದಕ್ಕೆ ಕಾಯ್ಬೇಕಿಲ್ಲ. ಶಾಫ್ಟ್ ಎಷ್ಟು ಬಗ್ಗಬೇಕು ಅನ್ನೋದಕ್ಕೆ ನಿಮ್ಮ ವೇಗ ಗೊತ್ತಿದ್ರೆ ಸಾಕು, ಅದೂ ಒಂದು ಕಂಪನಿಯ ರೆಗ್ಯುಲರ್ ಇನ್ನೊಂದು ಕಂಪನಿಯ ಸ್ಟಿಫ್, ಅಂದ್ರೆ ಗಟ್ಟಿ, ತರ ಇರತ್ತೆ, ಶಾಫ್ಟ್ ಮೇಲಿನ ಅಕ್ಷರ ನಂಬ್ಬೇಡಿ ಹೊಡೆದು ನೋಡಿ. ಸ್ಪಿನ್ನು, ಲಾಂಚು, ತೂಕದ ಸ್ಕ್ರೂ, ಆ ಸೂಕ್ಷ್ಮ ಎಲ್ಲ ಆಮೇಲೆ. ಮೊದಲ್ನೇ ವರ್ಷ 14 ಕ್ಲಬ್ಬೂ ಬೇಡ, ಏಳೆಂಟು ಸಾಕು.

ಪಟರ್ (ಗ್ರೀನ್ ಮೇಲೆ ಚೆಂಡನ್ನ ಕುಳಿಗೆ ಉರುಳಿಸೋ ಕ್ಲಬ್) ವಿಷ್ಯ ಬಂದ್ರೆ ನಂಗೆ ಯಾವಾಗ್ಲೂ ಕಾರ್ಸ್ಟನ್ ಸೋಲ್‌ಹೈಮ್ ನೆನಪಾಗ್ತಾರೆ. ಇಂಜಿನಿಯರ್ ಅವ್ರು, ತನ್ನ ಪಟಿಂಗ್ ಸರಿ ಇಲ್ಲ ಅಂತ ತಾನೇ ಪಟರ್ ಮಾಡೋಕೆ ಕೂತ್ರು, ತೂಕಾನ ಎರಡೂ ತುದಿಗೆ ಹಂಚಿದ್ರು, 1966ರಲ್ಲಿ ಅವ್ರ ಪಿಂಗ್ ಕಂಪನಿಯ ಆನ್ಸರ್ ಪಟರ್ ಬಂತು. ಟೈಗರ್ ವುಡ್ಸ್ ತನ್ನ 15 ಮೇಜರ್‌ಗಳಲ್ಲಿ 14ನ್ನ ಗೆದ್ದ ಸ್ಕಾಟಿ ಕ್ಯಾಮರಾನ್ ಪಟರೂ ಅದೇ ಆಕಾರದ ವಂಶದ್ದು. ಇವತ್ತು ಅಗ್ಗದ ಪಟರ್ ಎತ್ಕೊಂಡ್ರೂ ಬಹಳ ಸಲ ಅದೇ ಆಕಾರ ಇರತ್ತೆ. ಪಾರ್ 72, ಅಂದ್ರೆ 18 ಕುಳಿಗೆ 72 ಹೊಡೆತ ಅನ್ನೋ ಲೆಕ್ಕದಲ್ಲೇ 36 ಪಟ್ ಸೇರಿದೆ, ಅರ್ಧ ಆಟ ಅದು, ಹಾಗಾಗಿ ಉದ್ದ ನಿಮ್ಗೆ ಸರಿ ಇರೋದನ್ನ, ಕೆಳಗಿಟ್ಟು ನಿಂತಾಗ ಮನಸ್ಸಿಗೆ ಸಮಾಧಾನ ಕೊಡೋದನ್ನ ತಗೊಳ್ಳಿ. ದುಬಾರೀದೇ ಇಷ್ಟ ಆದ್ರೆ ದುಬಾರೀದೇ ಇರ್ಲಿ, ಪಟರ್ ವರ್ಷ ವರ್ಷ ಬದ್ಲಾಯ್ಸೋ ಸಾಮಾನಲ್ಲ. ಟೈಗರ್ ಕೂಡ ಆ ಪಟರನ್ನ 1999ರಲ್ಲಿ ಹಿಡಿದ್ರು, ಇಪ್ಪತ್ತು ವರ್ಷ ಆದ್ಮೇಲೆ 2019ರ ಮಾಸ್ಟರ್ಸ್ ಗೆದ್ದಿದ್ದೂ ಅದ್ರಲ್ಲೇ.

ಚೆಂಡಿನ ಮೇಲೆ ಮಾತ್ರ ನಾನು ಧಾರಾಳ. ಯುರೆಥೇನ್ ಹೊದಿಕೆಯ ದುಬಾರಿ ಚೆಂಡಿಗೂ ಅಯೊನೊಮರ್ ಹೊದಿಕೆಯ ಅಗ್ಗದ ಚೆಂಡಿಗೂ ಡ್ರೈವರ್‌ನಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗಲ್ಲ, ಗ್ರೀನ್ ಹತ್ರ ವೆಡ್ಜಲ್ಲಿ ಗೊತ್ತಾಗತ್ತೆ. ಯುರೆಥೇನಿನ ಮೆತ್ತನೆ ಹೊದಿಕೆ ಗ್ರೂವ್‌ಗಳಿಗೆ, ಅಂದ್ರೆ ಕ್ಲಬ್ ಮುಖದ ಗೀರುಗಳಿಗೆ, ಕಚ್ಕೊಂಡು ಸ್ಪಿನ್ ತಗೊಳತ್ತೆ, ಎರಡು ಪುಟಿತಕ್ಕೆ ನಿಲ್ಲತ್ತೆ, ಇನ್ನೊಂದು ಉರುಳ್ಕೊಂಡು ಹೋಗ್ತಾನೇ ಇರತ್ತೆ. ಒಂದು ರೌಂಡಲ್ಲಿ ಐದಾರು ಚೆಂಡು ಕಳ್ಕೊಳ್ಳೋರು ಅಗ್ಗದ್ದೇ ಆಡ್ಲಿ, ತಪ್ಪೇನಿಲ್ಲ, ಒಂದೋ ಎರಡೋ ಕಳ್ಕೊಳ್ಳೋ ಹಂತಕ್ಕೆ ಬಂದ್ಮೇಲೆ ಮಾತ್ರ ಒಳ್ಳೇ ಚೆಂಡು ಒಂದನ್ನ ಆರಿಸ್ಕೊಂಡು ಅದನ್ನೇ ಆಡಿ. ದಿನಕ್ಕೊಂದು ಬಗೆ ಚೆಂಡು ಆಡಿದ್ರೆ ಚಿಪ್ (ಗ್ರೀನ್ ಹತ್ರದ ಸಣ್ಣ ಹೊಡೆತ) ಎಷ್ಟು ಉರುಳತ್ತೆ ಅಂತ ಕೈಗೆ ಗೊತ್ತಾಗೋದೇ ಇಲ್ಲ.

ಗ್ರಿಪ್ ಮರೀಬೇಡಿ. ರಬ್ಬರ್ ಒಣಗಿ ನುಣ್ಣಗಾದ್ರೆ ಕ್ಲಬ್ ಜಾರತ್ತೆ ಅಂತ ಬೆರಳುಗಳು ನಮ್ಗೆ ಗೊತ್ತಿಲ್ದೆ ಬಿಗಿ ಹಿಡಿಯತ್ವೆ, ಮುಂಗೈ ಕಲ್ಲಾಗತ್ತೆ, ಸ್ವಿಂಗ್ ಹೋಯ್ತು. ಬೆಚ್ಚಗಿನ ಸೋಪು ನೀರಲ್ಲಿ ತೊಳೆದ್ರೇ ಎಷ್ಟೋ ಜೀವ ಬರತ್ತೆ, ಬರ್ಲಿಲ್ಲ ಅಂದ್ರೆ ಹೊಸದು ಹಾಕ್ಸಿ, ಕಮ್ಮಿ ಖರ್ಚಲ್ಲಿ ಹಳೇ ಸೆಟ್ ಹೊಸದಾಗತ್ತೆ. ಬ್ಯಾಗು, ಟೋಪಿ, ಅದೆಲ್ಲ ನಿಮ್ಮಿಷ್ಟ. ಶೂ ಮಾತ್ರ ಜಾರದೇ ಇರೋದಿರ್ಲಿ.

ಫ್ರೆಂಡ್‌ಗೆ ಇಷ್ಟೂ ಹೇಳೋ ಬದ್ಲು ಒಂದು ಪೌಡರ್ ಸ್ಪ್ರೇ ತಗೊಂಡು ಅಭ್ಯಾಸ ಮಾಡೋ ರೇಂಜಿಗೆ ಹೋಗೋ ಅಂದೆ. ನಿನ್ನೆ ರಾತ್ರಿ ಅವನ ಈಗಿನ ಡ್ರೈವರ್ ಮುಖದ ಫೋಟೋ ಕಳ್ಸಿದ. ಹನ್ನೆರಡು ಗುರುತಲ್ಲಿ ಒಂಬತ್ತು ತುದಿ ಕಡೆ ಇದಾವೆ, ನಂದಕ್ಕೆ ಉಲ್ಟಾ. ಚೆಂಡಿಗೆ ಒಂದಿಂಚು ಹತ್ರ ನಿಂತು ಇನ್ನೊಂದು ಹನ್ನೆರಡು ಹೊಡೆದು ಕಳ್ಸು, ಅಲ್ಲೀವರ್ಗೂ ಅಂಗಡಿ ಕಡೆ ಹೋಗ್ಬೇಡ ಅಂದಿದೀನಿ. ಭಾನುವಾರ ಹೋಗ್ತೀನಿ ಅಂದಿದಾನೆ.