ಜೇನಿಗೆ ಬಾಡಿಗೆಯಿಲ್ಲದ ಮನೆ

ನಾವಿರುವ ಜರ್ಮನಿಯ ಬವೇರಿಯಾದಲ್ಲಿ ಶಾಲೆಯ ಅಂಗಳ, ಪಾರ್ಕು, ಸೈಕಲ್ ದಾರಿಯ ಅಂಚು, ಎಲ್ಲಿ ನೋಡಿದರೂ ಒಂದು ಮರದ ಪೆಟ್ಟಿಗೆ ನಿಂತಿರುತ್ತದೆ. ಮೇಲೊಂದು ಪುಟ್ಟ ಸೂರು, ಒಳಗೆ ಬಿದಿರಿನ ತುಂಡು, ಪೈನ್ ಕಾಯಿ, ಒಣಹುಲ್ಲು, ತೂತು ಕೊರೆದ ಕಟ್ಟಿಗೆ. ಕೀಟಗಳ ಹೋಟೆಲ್ ಅಂತ ಅದರ ಹೆಸರು. ಅಂಗಡಿಯಲ್ಲಿ ರೆಡಿಮೇಡ್ ಕೂಡ ಸಿಗುತ್ತದೆ. ಆದರೂ ನಮ್ಮ ತೋಟದ್ದನ್ನು ನಾವೇ ಮಾಡಿದೆವು. ದುಡ್ಡು ಉಳಿಸುವುದಕ್ಕಲ್ಲ. ಅಂಗಡಿಯದರಲ್ಲಿ ತುಂಬಿರುವುದರಲ್ಲಿ ಜಾಸ್ತಿ ಪಾಲು ನಮ್ಮ ಕಣ್ಣಿಗೆ ಚೆಂದ ಕಾಣಲಿ ಅಂತ ಇರುವುದೇ ಹೊರತು ಜೇನಿಗೆ ಬೇಕಾದ್ದಲ್ಲ.

ಇದು ತುಪ್ಪ ಕೊಡುವ ಜೇನಿನ ಮಾತಲ್ಲ. ಜರ್ಮನಿಯಲ್ಲಿ 560ಕ್ಕೂ ಹೆಚ್ಚು ಬಗೆಯ ಕಾಡುಜೇನುಗಳಿವೆ, ಅವುಗಳಲ್ಲಿ ಬಹುಪಾಲು ಒಂಟಿ ಜೀವಗಳು. ರಾಣಿ ಇಲ್ಲ, ಆಳುಗಳಿಲ್ಲ, ತುಪ್ಪವೂ ಇಲ್ಲ. ಹೆಣ್ಣು ತಾನೊಬ್ಬಳೇ ಜಾಗ ಹುಡುಕಿ, ಮರಿಗೆ ಊಟ ಕೂಡಿಟ್ಟು, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೋಗುತ್ತಾಳೆ. ನಮ್ಮಲ್ಲಿ ಬೀಗದ ತೂತಿಗೆ ಮಣ್ಣು ಮೆತ್ತಿ ಹೋಗುವ ಕಣಜ ನೋಡಿದ್ದೀರಿ ಅಲ್ವಾ, ಹೆಚ್ಚುಕಡಿಮೆ ಅದೇ ಸಂಸಾರ. ಕಣಜ ಮರಿಗೆ ಹುಳವನ್ನೋ ಜೇಡವನ್ನೋ ತಂದಿಡುತ್ತದೆ, ಇದು ಪರಾಗ ತಂದಿಡುತ್ತದೆ.

ಜನಕ್ಕೆ ಇವುಗಳ ಮೇಲೆ ಇಷ್ಟು ಕಾಳಜಿ ಸುಮ್ನೆ ಬಂದಿದ್ದಲ್ಲ. ಜರ್ಮನಿಯ 63 ಸಂರಕ್ಷಿತ ಜಾಗಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ಕುಸಿದಿದೆ ಅಂತ 2017ರಲ್ಲಿ ಒಂದು ಅಧ್ಯಯನ ಹೇಳಿತು. 2019ರ ಚಳಿಗಾಲದಲ್ಲಿ ‘ಜೇನು ಉಳಿಸಿ’ ಅಂತ ಬವೇರಿಯಾದಲ್ಲಿ ಸಹಿ ಸಂಗ್ರಹ ನಡೆದಾಗ, ಎರಡೇ ವಾರದಲ್ಲಿ 17 ಲಕ್ಷಕ್ಕೂ ಹೆಚ್ಚು ಮತದಾರರು ಖುದ್ದಾಗಿ ಹೋಗಿ ಸಹಿ ಹಾಕಿ ಬಂದರು. ಅದೇ ವರ್ಷ ಕಾನೂನೂ ಬಂತು.

ಇನ್ನು ಮನೆ ಕಟ್ಟುವ ವಿಷಯ. ಬೀಚ್, ಓಕ್, ಆ್ಯಶ್, ಇಲ್ಲವೇ ಹಣ್ಣಿನ ಮರದ ಗಟ್ಟಿ ಕಟ್ಟಿಗೆ ಬೇಕು, ಅದೂ ಚೆನ್ನಾಗಿ ಒಣಗಿರಬೇಕು. ಪೈನ್‌ನಂಥ ಮೆತ್ತನೆಯ ಮರದಲ್ಲಿ ತೂತು ಕೊರೆದರೆ ಒಳಗೆಲ್ಲ ನಾರು ಏಳುತ್ತದೆ. ಮುಖ್ಯವಾದದ್ದು ಯಾವ ಕಡೆಯಿಂದ ಕೊರೆಯಬೇಕು ಅನ್ನುವುದು. ದಿಮ್ಮಿ ಕತ್ತರಿಸಿದಾಗ ಉಂಗುರಗಳು ಕಾಣುತ್ತವಲ್ಲ, ಆ ಮುಖದಲ್ಲಿ ಎಲ್ಲರೂ ಕೊರೆಯುತ್ತಾರೆ. ಫೋಟೋದಲ್ಲಿ ಚೆನ್ನಾಗಿರುತ್ತದೆ, ನಿಜ. ಆದರೆ ಮರ ಸೀಳು ಬಿಡುವುದು ಅಲ್ಲೇ. ಸೀಳಿನೊಳಗೆ ನೀರು ಇಳಿಯುತ್ತದೆ, ಬೂಷ್ಟು ಬರುತ್ತದೆ, ಜೇನು ಅಂಥ ತೂತನ್ನು ಮೂಸಿಯೂ ನೋಡುವುದಿಲ್ಲ. ತೊಗಟೆ ಇರುವ ಬದಿಯಿಂದ ಕೊರೆಯಬೇಕು. 3ರಿಂದ 9 ಮಿಲಿಮೀಟರ್ ಅಗಲ, ಸುಮಾರು 10 ಸೆಂಟಿಮೀಟರ್ ಆಳ. ಹಿಂದಿನಿಂದ ತೂತು ಹೊರಬರಬಾರದು. ಆಮೇಲೆ ಬಾಯಿಯನ್ನು ಉಪ್ಪು ಕಾಗದದಿಂದ ಉಜ್ಜಿ ನುಣ್ಣಗೆ ಮಾಡಬೇಕು. ಚಿಕ್ಕ ಸಿಬಿರು ಉಳಿದರೂ ರೆಕ್ಕೆ ಹರಿಯುತ್ತದೆ.

ಬಿದಿರನ್ನು ಗೆಣ್ಣಿನ ಹಿಂದೆ ಕತ್ತರಿಸಿದರೆ ಒಂದು ತುದಿ ತಾನಾಗಿಯೇ ಮುಚ್ಚಿರುತ್ತದೆ. ಪೆಟ್ಟಿಗೆಗೆ ಬಿಸಿಲು ಬೀಳಬೇಕು, ಮಳೆ ತಾಗಬಾರದು. ಗಾಳಿಗೆ ಓಲಾಡುವಂತೆ ತೂಗುಹಾಕಬೇಡಿ, ಗೋಡೆಗೆ ಬಿಗಿಯಾಗಿ ಹೊಡೆಯಿರಿ. ಮುಂದೆ ಸ್ವಲ್ಪ ಜಾಗ ಬಿಟ್ಟು ತಂತಿ ಬಲೆ ಕಟ್ಟಿದರೆ ಮರಕುಟುಕನ ಕಾಟ ತಪ್ಪುತ್ತದೆ.

ಸೇಬಿನ ಮರ ಹೂ ಬಿಡುವ ಹೊತ್ತಿಗೆ ಕೆಂಚು ಮೈಯ ಮೇಸನ್ ಜೇನು ಬರುತ್ತದೆ. ಇದು ಪರಾಗವನ್ನು ಕಾಲಿಗೆ ಕಟ್ಟಿಕೊಂಡು ಬರುವುದಿಲ್ಲ, ಹೊಟ್ಟೆಯಡಿಯ ರೋಮಕ್ಕೆ ಮೆತ್ತಿಕೊಂಡು ಬರುತ್ತದೆ. ಮೊದಲು ತಲೆ ಮುಂದಾಗಿ ಒಳಹೊಕ್ಕು ಮಕರಂದ ಕಕ್ಕುತ್ತದೆ. ಒಳಗೆ ತಿರುಗಲು ಜಾಗವಿಲ್ಲ. ಹಿಮ್ಮುಖವಾಗಿ ಹೊರಬಂದು, ಬಾಗಿಲಲ್ಲೇ ತಿರುಗಿ, ಈಗ ಹಿಂಭಾಗ ಮುಂದಾಗಿ ನುಗ್ಗಿ ಹೊಟ್ಟೆಯ ಪರಾಗವನ್ನು ಉದುರಿಸುತ್ತದೆ. ಥೇಟ್ ಓಣಿಗೆ ಲಾರಿ ರಿವರ್ಸ್ ಹಾಕಿದ ಹಾಗೆ. ಸಾಕಷ್ಟು ಪರಾಗ ಕೂಡಿದ ಮೇಲೆ ಒಂದು ಮೊಟ್ಟೆ, ಮಣ್ಣಿನ ಗೋಡೆ, ಮತ್ತೆ ಮುಂದಿನ ಕೋಣೆ. ಹಿಂದಿನ ಕೋಣೆಗಳಲ್ಲಿ ಹೆಣ್ಣು, ಬಾಗಿಲ ಕಡೆ ಗಂಡು. ಮುಂದಿನ ವಸಂತದಲ್ಲಿ ಗಂಡುಗಳೇ ಮೊದಲು ಹೊರಬಂದು ಕಾಯುತ್ತಾ ಕೂರುತ್ತವೆ! ಗಂಡಿಗೆ ಮುಳ್ಳೇ ಇಲ್ಲ, ಹೆಣ್ಣು ಕುಟುಕುವ ಗೋಜಿಗೆ ಹೋಗುವುದು ತೀರಾ ಅಪರೂಪ. ಮಕ್ಕಳು ಮೂಗು ತಾಗಿಸಿಕೊಂಡು ನೋಡುತ್ತಾರೆ, ನಾವೂ ಏನೂ ಹೇಳುವುದಿಲ್ಲ.

ಹಿಮ ಬಿದ್ದಾಗ ಪಾಪ ಅಂತ ಪೆಟ್ಟಿಗೆಯನ್ನು ಮನೆಯೊಳಗೆ ತರಬಾರದು. ಒಳಗಿರುವ ಜೇನುಗಳಿಗೆ ಆ ಚಳಿ ಬೇಕು. ಹೀಟರ್ ಬೆಚ್ಚಗೆ ವಸಂತ ಬಂತೆಂದುಕೊಂಡು ಜನವರಿಯಲ್ಲೇ ಹೊರಬಂದರೆ ತಿನ್ನಲು ಒಂದು ಹೂವೂ ಇರುವುದಿಲ್ಲ.

ಒಣಹುಲ್ಲಿಗೂ ಒಂದು ಕೆಲಸ ಇದೆ, ಆದರೆ ಜೇನಿನ ಪೆಟ್ಟಿಗೆಯಲ್ಲಲ್ಲ. ಮಣ್ಣಿನ ಹೂಕುಂಡಕ್ಕೆ ಹುಲ್ಲು ತುಂಬಿ, ಸೇಬಿನ ಮರದ ಕಾಂಡಕ್ಕೆ ತಾಗುವಂತೆ ಬೋರಲು ಕಟ್ಟಿದರೆ ಬಾಲದಲ್ಲಿ ಇಕ್ಕಳವಿರುವ ಇಯರ್‌ವಿಗ್ ಹುಳುಗಳು ಹಗಲೆಲ್ಲ ಅಲ್ಲಿ ಮಲಗುತ್ತವೆ. ರಾತ್ರಿ ಎದ್ದು ಮರದ ಮೇಲಿನ ಗಿಡಹೇನು ತಿನ್ನುತ್ತವೆ.

ಇಷ್ಟೆಲ್ಲ ಮಾಡಿದರೂ ಇಂಥ ತೂತುಗಳಿಗೆ ಬರುವುದು ಕೆಲವೇ ಬಗೆಯ ಜೇನುಗಳು. ಹೆಚ್ಚಿನವು ನೆಲದಲ್ಲೇ ಬಿಲ ತೋಡುತ್ತವೆ. ಅವಕ್ಕೆ ಬೇಕಾದ್ದು ಹುಲ್ಲಿಲ್ಲದ, ಬಿಸಿಲು ಬೀಳುವ ಬರಿಯ ನೆಲ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹಾಗಾಗಿ ಯಾರೂ ಅದರ ಜಾಹೀರಾತು ಹಾಕುವುದೂ ಇಲ್ಲ. ಈ ವರ್ಷ ತೋಟದ ಮೂಲೆಯಲ್ಲಿ ಹುಲ್ಲು ಕಿತ್ತು, ತೊಳೆಯದ ಮರಳು ಸುರಿದಿದ್ದೇವೆ. ತೊಳೆದ ಮರಳಾದರೆ ಬಿಲ ಕುಸಿಯುತ್ತದೆ. ಪಕ್ಕದ ತೋಟದ ಅಜ್ಜಿ ಬೇಲಿಯಾಚೆಯಿಂದ ನೋಡಿ, “ಊರಿನ ಬೆಕ್ಕುಗಳಿಗೆಲ್ಲ ಕಕ್ಕಸು ಕಟ್ಟಿಸಿದಿರಾ?” ಅಂತ ಕೇಳಿದರು. ಆಮೇಲೆ ಅವರೇ ತಮ್ಮ ಬೇಲಿಯ ಬ್ಲ್ಯಾಕ್‌ಬೆರಿ ಮುಳ್ಳಿನ ಬಳ್ಳಿಗಳನ್ನು ಕತ್ತರಿಸಿ ಕೊಟ್ಟರು. ಅವನ್ನು ಮರಳಿನ ಮೇಲೆ ಹರಡಿದ್ದೇವೆ.