ಪಿ16 ಪಾಸಿಟಿವ್ ಅಂದ್ರೆ ಒಳ್ಳೇದೋ ಕೆಟ್ಟದ್ದೋ?

ಬಾಯಿ, ಗಂಟಲು ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟಿನ ಒಂದೇ ಒಂದು ಸಾಲನ್ನು ಫೋಟೋ ಹಿಡಿದು ಕಳಿಸುತ್ತಾರೆ: "ಪಿ16 – ಪಾಸಿಟಿವ್". ಕೆಳಗೆ, "ಒಳ್ಳೇದೋ ಕೆಟ್ಟದ್ದೋ ಅಷ್ಟು ಹೇಳಿ ಡಾಕ್ಟ್ರೇ". ಹೇಳೀ ಹೇಳೀ ಸಾಕಾಗಿ ಬರೆದಿಡುತ್ತಿದ್ದೇನೆ.

ಗಡ್ಡೆ ಟಾನ್ಸಿಲಿನಲ್ಲೋ ನಾಲಿಗೆಯ ಬುಡದಲ್ಲೋ ಇದ್ದರೆ ಪಾಸಿಟಿವ್ ಬಂದದ್ದು ಒಳ್ಳೇದು. ಕೆನ್ನೆ, ವಸಡು, ನಾಲಿಗೆಯ ಮುಂಭಾಗದ್ದಾದರೆ ಆ ಸಾಲನ್ನು ನಂಬಿ ಏನನ್ನೂ ನಿರ್ಧರಿಸುವ ಹಾಗಿಲ್ಲ. ಜಾಗದ ಹೆಸರು ಅದೇ ಪುಟದ ಮೇಲ್ಗಡೆ ಇರುತ್ತದೆ. ಫೋಟೋದಲ್ಲಿ ಕತ್ತರಿಸಿಹೋಗಿರುವುದೂ ಅದೇ.

ಕೋವಿಡ್ ಬಂದುಹೋದ ಮೇಲಂತೂ ಪಾಸಿಟಿವ್ ಅಂದರೆ ಎದೆ ಧಸಕ್ಕೆನ್ನುತ್ತದೆ. ಇಲ್ಲಿ ಅದರ ಅರ್ಥ ಬೇರೆ. ಗಂಟಲಿನ ಕೆಲವು ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಇ7 ಎಂಬ ಪ್ರೋಟೀನು ಜೀವಕೋಶದ ಆರ್‌ಬಿ ಎಂಬ ಬ್ರೇಕನ್ನು ಕಿತ್ತುಹಾಕುತ್ತದೆ. ಬ್ರೇಕು ಹೋದ ಕೋಶ ಪಿ16 ಪ್ರೋಟೀನನ್ನು ರಾಶಿ ಹಾಕುತ್ತದೆ. ಅಂದರೆ ಬಣ್ಣ ಹಾಕಿ ನೋಡುವುದು ಕಳ್ಳನನ್ನಲ್ಲ, ಅವನ ಹೆಜ್ಜೆಗುರುತನ್ನು. ಸ್ಲೈಡಿನಲ್ಲಿ ಕಂದು ಬಣ್ಣ ಕೋಶಕೇಂದ್ರ, ಅದರ ಸುತ್ತಲಿನ ಸೈಟೊಪ್ಲಾಸಂ ಎರಡರಲ್ಲೂ ಕೂತಿರಬೇಕು, ಪೇಲವವಾಗಿರಬಾರದು, ಗಡ್ಡೆಯ ಕೋಶಗಳಲ್ಲಿ ಕನಿಷ್ಠ 70% ಹೀಗಿರಬೇಕು. ಅಲ್ಲೊಂದು ಇಲ್ಲೊಂದು ತೇಪೆ ಹಾಕಿದಂತಿದ್ದರೆ ನೆಗೆಟಿವ್. ಕತ್ತಿನ ಗಂಟಿಗೆ ಸೂಜಿ ಹಾಕಿ ತೆಗೆದ ಮಾದರಿಗೆ ಈ 70ರ ಗೆರೆ ಹಾಗೇ ಒಗ್ಗುವುದಿಲ್ಲ, ಅಲ್ಲಿ ಕೋಶಗಳೇ ಕಡಿಮೆ. ಹೆಜ್ಜೆಗುರುತಿದ್ದು ಕಳ್ಳನಿಲ್ಲದ ಕೇಸುಗಳೂ ಉಂಟು. ಅವುಗಳ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ. ಅನುಮಾನವಿದ್ದರೆ ವೈರಸ್ಸನ್ನೇ ಹುಡುಕುವ ಪರೀಕ್ಷೆ ಮಾಡಿಸಬೇಕು.

ಒಳ್ಳೇದು ಅಂದರೆ ಎಷ್ಟು ಒಳ್ಳೇದು? ಗಂಟಲಿನ ಈ ಭಾಗದ ಮುಂದುವರಿದ ಕ್ಯಾನ್ಸರಿನ ಬಗ್ಗೆ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮೂರು ವರ್ಷ ಬದುಕುಳಿದವರು ಎಚ್‌ಪಿವಿ ಇದ್ದವರಲ್ಲಿ 82.4%, ಇಲ್ಲದವರಲ್ಲಿ 57.1%. ದಿನಕ್ಕೊಂದು ಪ್ಯಾಕಿನಂತೆ ಹತ್ತು ವರ್ಷಕ್ಕಿಂತ ಹೆಚ್ಚು ಸಿಗರೇಟು ಸೇದಿದವರಲ್ಲಿ ಈ ಲಾಭ ತಗ್ಗಿತ್ತು. ಕ್ಯಾನ್ಸರ್ ಯಾವ ಹಂತದಲ್ಲಿದೆ ಎಂದು ತೀರ್ಮಾನಿಸುವ ಸ್ಟೇಜಿಂಗ್ ಪುಸ್ತಕದ ಎಂಟನೇ ಆವೃತ್ತಿ ಇದನ್ನು ಒಪ್ಪಿಕೊಂಡಿದೆ. ಟಾನ್ಸಿಲಿನಲ್ಲಿ ಸಣ್ಣ ಗಡ್ಡೆ, ಕತ್ತಿನ ಅದೇ ಪಕ್ಕದಲ್ಲಿ 6 ಸೆಂ.ಮೀ. ಒಳಗಿನ ಮೂರು ಗಂಟು: ಪಿ16 ನೆಗೆಟಿವ್ ಆದರೆ ಸ್ಟೇಜ್ 4ಎ, ಪಾಸಿಟಿವ್ ಆದರೆ ಸ್ಟೇಜ್ 1. ಹಾಗಂತ "ಚಿಕಿತ್ಸೆ ಕಮ್ಮಿ ಮಾಡಿ" ಎಂದು ಗಂಟುಬೀಳಬೇಡಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಬಿಟ್ಟು, ಬದಲಿಗೆ ಸೆಟುಕ್ಸಿಮ್ಯಾಬ್ ಎಂಬ ಔಷಧಿ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2018ರ ಕೊನೆಗೆ ಬಂತು: ಬದುಕುಳಿದವರು ಕಡಿಮೆಯಾದರು.

ಬಾಯಿ ಕ್ಯಾನ್ಸರಿನವರು ನಿಜಕ್ಕೂ ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ: "ಗಡ್ಡೆ ಇಳಿದಿರುವ ಆಳ ಎಷ್ಟು ಮಿಲಿಮೀಟರು?" ಇದಕ್ಕೆ ವಿಶೇಷ ಬಣ್ಣವೂ ಬೇಡ, ಕಿಟ್ಟೂ ಬೇಡ. ಪಕ್ಕದ ಆರೋಗ್ಯವಾದ ಪೊರೆಯ ತಳಗೆರೆಯಿಂದ ಗಾರೆಯವರು ತೂಕದ ಗುಂಡು ಇಳಿಬಿಟ್ಟ ಹಾಗೆ ನೇರ ಕೆಳಕ್ಕೆ ಅಳೆಯುವುದು. ಹೊರಗೆ ಹೂಕೋಸಿನಂತೆ ಉಬ್ಬಿದ್ದು ಲೆಕ್ಕಕ್ಕಿಲ್ಲ. ದಪ್ಪ ಬೇರೆ, ಆಳ ಬೇರೆ. 2 ಸೆಂ.ಮೀ. ಒಳಗಿನ ಗಡ್ಡೆಯೂ 5 ಮಿ.ಮೀ. ದಾಟಿ ಇಳಿದಿದ್ದರೆ ಗಡ್ಡೆಯ ದರ್ಜೆ ಟಿ1 ಅಲ್ಲ, ಟಿ2. ಆಮೇಲೆ ಕತ್ತಿನ ಗಂಟಿನ ಕವಚ ಒಡೆದು ಕ್ಯಾನ್ಸರ್ ಹೊರಗೆ ಹರಡಿದೆಯೇ, ಕತ್ತರಿಸಿದ ಅಂಚಿನಲ್ಲಿ ಕೋಶ ಉಳಿದಿದೆಯೇ ನೋಡಿ. ಆಪರೇಷನ್ ಆದಮೇಲೆ ರೇಡಿಯೇಷನ್ ಜೊತೆ ಕೀಮೋ ಸೇರಿಸುವ ಮಾತು ಬರುವುದು ಮುಖ್ಯವಾಗಿ ಈ ಎರಡರಿಂದ.

ಇನ್ನು ಪಿಡಿ-ಎಲ್1, ಬಣ್ಣ ಹಾಕಿ ನೋಡುವ ಇನ್ನೊಂದು ಪ್ರೋಟೀನು. ಅದರ ಅಂಕವೇ ಸಿಪಿಎಸ್. "ಸಿಪಿಎಸ್ 25 ಬಂದಿದೆ, ಎಷ್ಟು ವರ್ಷ?" ಅದು ಆಯುಷ್ಯದ ಅಂಕಿಯಲ್ಲ, ಪೆಂಬ್ರೊಲಿಜುಮ್ಯಾಬ್‌ನಂಥ, ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿ ಹಿಡಿಯುವ ಸಾಧ್ಯತೆಯ ಸುಳಿವು. 200 ಗಡ್ಡೆಕೋಶಗಳಲ್ಲಿ 30ಕ್ಕೆ ಬಣ್ಣ, ಅವಕ್ಕೆ ಅಂಟಿಕೊಂಡ ಲಿಂಫೊಸೈಟು, ಮ್ಯಾಕ್ರೊಫೇಜು ಎಂಬ ರಕ್ಷಕ ಕೋಶಗಳಲ್ಲಿ 20ಕ್ಕೆ ಬಣ್ಣ: 50 ಭಾಗಿಸು 200, ಗುಣಿಸು 100. ಅಲ್ಲಿಗೆ 25. ಬಯಾಪ್ಸಿ ಚೂರಿನಲ್ಲಿ ಜೀವಂತ ಗಡ್ಡೆಕೋಶ ನೂರೂ ಇಲ್ಲದಿದ್ದರೆ ಎಣಿಕೆಗೇ ಬರುವುದಿಲ್ಲ, ಬೇರೆ ಬ್ಲಾಕು (ಮೇಣದಲ್ಲಿ ಹುದುಗಿಸಿಟ್ಟ ಚೂರು) ಕೇಳುತ್ತೇವೆ. ಲ್ಯಾಬಿನವರು ಸತಾಯಿಸುತ್ತಿದ್ದಾರೆ ಅಂದುಕೊಳ್ಳಬೇಡಿ.

ಮುಂದಿನ ಸಲ ಪೂರ್ತಿ ಪುಟದ ಫೋಟೋ ಕಳಿಸಿ. ಎರಡನೇ ಪುಟ ಇದ್ದರೆ ಅದನ್ನೂ.